ಹೊರೆಗಲ್ಲಿನ ದಾರಿ

ಗುಡ್ಡದಹಟ್ಟಿಯ ಕೇರಿಗೆ ಟ್ರೆಕ್ಕಿಂಗ್ ಎಂಬ ಮಾತು ಬಂದದ್ದು ಕಂಪನಿಯ ಜೀಪಿನಲ್ಲಿ. ಜೀಪಿನಿಂದ ಇಳಿದವನು ಈಶ್ವರ್, ಗಣಿ ಕಂಪನಿಯ ಆಫೀಸರು, ಹೊಸಪೇಟೆಯ ಅಕ್ಕಿ ಗಿರಣಿಯವರ ಮಗ. ಕೇರಿಯೊಳಗೆ ಕಾಲಿಡಲಿಲ್ಲ. ಬೇವಿನ ಮರದ ಕೆಳಗೆ ನಿಂತೇ ಕೂಗಿ ಹೇಳಿದ. ಬರುವ ಭಾನುವಾರ ಜಿಲ್ಲೆಯ ದೊಡ್ಡ ಸಾಹೇಬರು ಬರುತ್ತಾರೆ, ಜೊತೆಗೆ ಇಪ್ಪತ್ತು ಮಂದಿ ಗೆಸ್ಟುಗಳು. ಗುಡ್ಡದ ಮೇಲೆ ನಡೆದುಕೊಂಡು ಹೋಗುತ್ತಾರೆ, ತುದಿಯಲ್ಲಿ ಊಟ ಮಾಡುತ್ತಾರೆ. ಊಟ ನೀರು ಹೊರಲು ಆರು ಮಂದಿ ಹೆಂಗಸರು ಬೇಕು.

ದ್ಯಾಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. ನಲವತ್ತೈದರ ಹೆಂಗಸು. ಮೂವತ್ತು ವರ್ಷ ತಲೆಯ ಮೇಲೆ ಸೌದೆ, ಹುಲ್ಲು, ಸೀತಾಫಲದ ಬುಟ್ಟಿ ಹೊತ್ತು ಅವಳ ಕುತ್ತಿಗೆ ಗಂಡಸರ ಕುತ್ತಿಗೆಗಿಂತ ಗಟ್ಟಿಯಾಗಿತ್ತು. ನಾಲಿಗೆಯೂ ಅಷ್ಟೇ.

“ಟ್ರೆಕ್ಕಿಂಗ್ ಅಂದ್ರ ಏನ್ರಿ ಸಾರ್?”

“ಗುಡ್ಡದಾಗ ನಡಿಯೋದು.”

“ಎದಕ್ಕ?”

“ಎದಕ್ಕೂ ಅಲ್ಲ. ಸುಮ್ನ. ಖುಷಿಗೆ.”

ಹಿಂದೆ ಕುಂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಮುದುಕಮ್ಮ ತಲೆ ಎತ್ತಿದಳು. ಕೇರಿಗೆಲ್ಲ ಹಿರಿಯಳು ಅವಳು. ಅರವತ್ತೈದು ದಾಟಿದ್ದರೂ ಹೊರೆ ಬಿಟ್ಟಿರಲಿಲ್ಲ. “ಕೇಳಿದೇನ್ಲೇ ದ್ಯಾಮೀ, ತಲಿಮ್ಯಾಲೆ ಏನೂ ಇಲ್ದ ನಡಿಯೋಕೂ ಒಂದು ಹೆಸರು ಐತಂತ. ಅದನ್ನ ನೋಡಾಕ ಸಾಹೇಬ್ರು ಬೇರೆ ಬರ್ತಾರಂತ.”

ಕೇರಿ ನಕ್ಕಿತು. ಈಶ್ವರನೂ ನಕ್ಕಂತೆ ಮಾಡಿ ಜೀಪು ಹತ್ತಿದ.

ನಗು ನಿಂತ ಮೇಲೆ ಎಲ್ಲರಿಗೂ ಹೊಟ್ಟೆ ಉರಿಯಿತು. ಯಾಕೆಂದರೆ ಅವನು ಹೇಳಿದ ಟ್ರೆಕ್ಕಿಂಗ್ ದಾರಿ ಕೇರಿಯದೇ ಕಾಲುದಾರಿ. ಗುಡ್ಡದಹಟ್ಟಿಯಿಂದ ಗುಡ್ಡದ ಏಣು ಹಿಡಿದು ನಡೆದರೆ ಎರಡು ಮೈಲಿಗೆ ಯಶವಂತನಗರ. ಅಲ್ಲಿ ಎಂಟು ಗಂಟೆಯ ಬಸ್ಸು. ಬಸ್ಸಿಗೆ ಬುಟ್ಟಿ ಹಾಕಿದರೆ ಸಂಡೂರು, ಹೊಸಪೇಟೆ, ಎಲ್ಲಿ ಬೇಕಾದರೂ ಹಣ್ಣು ಮಾರಬಹುದು. ಆ ದಾರಿಗೆ ಕಂಪನಿ ಆಷಾಢದಲ್ಲಿ ತಂತಿಬೇಲಿ ಹಾಕಿ, ನಡುವೆ ಕಬ್ಬಿಣದ ಗೇಟು ನಿಲ್ಲಿಸಿ, ಬೀಗ ಜಡಿದಿತ್ತು. ಕೇಳಿದರೆ ಒಂದೇ ಮಾತು. ಇಲ್ಲಿ ದಾರಿಯೇ ಇಲ್ಲ, ನಕ್ಷೆಯಲ್ಲಿ ಇಲ್ಲ, ದಾಖಲೆಯಲ್ಲಿ ಇಲ್ಲ.

ಇನ್ನೊಂದು ದಾರಿ ಲಾರಿ ರಸ್ತೆ. ಆರು ಮೈಲಿ ಸುತ್ತು. ಅದಿರು ತುಂಬಿದ ಲಾರಿಗಳು ಒಂದರ ಬಾಲಕ್ಕೆ ಒಂದು ಹೋಗುತ್ತವೆ. ಕೆಂಪು ದೂಳಿನಲ್ಲಿ ಮುಂದಿನ ಹೆಂಗಸಿನ ಬೆನ್ನು ಕಾಣುವುದಿಲ್ಲ. ತಲೆಯ ಮೇಲೆ ಹೊರೆ ಇದ್ದವಳು ಹಾರ್ನ್ ಕೇಳಿದರೂ ಥಟ್ಟನೆ ತಿರುಗಲಾರಳು. ಶ್ರಾವಣದಲ್ಲಿ ದ್ಯಾಮಕ್ಕನ ತಂಗಿ ಭರಮಮ್ಮ ತಿರುವಿನಲ್ಲಿ ಲಾರಿಗೆ ಸಿಕ್ಕಳು. ಮೊಣಕಾಲಿನ ಕೆಳಗೆ ಮೂಳೆ ಎರಡು ಕಡೆ ಮುರಿಯಿತು. ಲಾರಿ ನಿಲ್ಲಲಿಲ್ಲ. ಹಿಂದೆ ಬಂದ ಲಾರಿಯೂ ನಿಲ್ಲಲಿಲ್ಲ. ಚೆಲ್ಲಿದ ಹಣ್ಣಿನ ಮೇಲೆ ಹನ್ನೊಂದು ಲಾರಿ ಹೋದವು ಎಂದು ಭರಮಮ್ಮ ಲೆಕ್ಕ ಹೇಳುತ್ತಾಳೆ. ರಸ್ತೆಯ ಮೇಲೆ ಬಿದ್ದುಕೊಂಡವಳಿಗೆ ಮತ್ತೇನು ಕೆಲಸ.

ಈಗ ಸೀತಾಫಲ ಕಣ್ಣು ಬಿಡುವ ಕಾಲ. ಒಂದೂವರೆ ತಿಂಗಳು ಇರುತ್ತದೆ, ಅಷ್ಟೇ. ದಾರಿ ಬಿಡದಿದ್ದರೆ ಹಣ್ಣು ಗಿಡದಲ್ಲೇ ಒಡೆದು ಇರುವೆಗೆ ಹೋಗುತ್ತದೆ. ಇಲ್ಲವೆ ಇನ್ನೊಬ್ಬಳು ಲಾರಿಗೆ ಸಿಗುತ್ತಾಳೆ.

“ನಾವು ಹೊರೋದು ಬ್ಯಾಡ ದೊಡ್ಡವ್ವ,” ಎಂದಳು ದುರ್ಗಾ. ಭರಮಮ್ಮನ ಮಗಳು, ಏಳನೆಯ ತರಗತಿವರೆಗೆ ಓದಿದವಳು, ಈಗ ತಾಯಿಯ ಬುಟ್ಟಿ ಅವಳ ತಲೆಗೆ ಬಂದಿತ್ತು. “ನಮ್ಮ ದಾರಿ ಮುಚ್ಚಿ, ಅದ್ರಾಗ ಅವ್ರು ಖುಷಿಗೆ ನಡಿಯೋದು, ನಾವು ಅವ್ರ ಅನ್ನ ಹೊರೋದು. ಮಾನ ಬ್ಯಾಡನು?”

“ಹೊರೂಣು,” ಎಂದಳು ದ್ಯಾಮಕ್ಕ. “ಸಾಹೇಬ್ರು ಕೈಗೆ ಸಿಗೋದು ಹಿಂಗ ಒಂದ ಸಲ. ಅರ್ಜಿ ಕೊಟ್ಟು ಮೂರು ತಿಂಗಳಾತು, ಉತ್ತರ ಬಂತನು? ಅವ್ರ ಊಟ ನಮ್ಮ ತಲಿಮ್ಯಾಲೆ ಇದ್ದಾಗ ಮಾತಾಡಿದ್ರ ಕೇಳ್ತಾರ.”

ಕಂಪನಿಯವರ ಬುದ್ಧಿ ಎಂಥದ್ದು ನೋಡಿ. ಗುಡ್ಡದ ಬಲಮಗ್ಗುಲನ್ನು ಬುಡದವರೆಗೂ ಬಗೆದು ಲಾರಿಗೆ ತುಂಬಿದ್ದರು. ಗುಡ್ಡ ತಿನ್ನುತ್ತಿದ್ದಾರೆ ಎಂದು ಪೇಪರಿನಲ್ಲಿ ಬರತೊಡಗಿದಾಗ ಎಡಮಗ್ಗುಲ ಹಸಿರು ತೋರಿಸಲು ಈ ಹಬ್ಬ. ದಾರಿಯುದ್ದಕ್ಕೂ ಬಂಡೆಗಳಿಗೆ ಹಳದಿ ಬಾಣ ಬಳಿಸಿದ್ದರು. ಎಲ್ಲ ಬಾಣವೂ ಎಡಕ್ಕೆ. ಬಲಕ್ಕೆ ತಿರುಗಿ ನೋಡಿದವನಿಗೆ ಕಾಣುವುದು ಬರೀ ಗಾಯ.

ಭಾನುವಾರ ಹತ್ತು ಗಂಟೆಗೆ ಗೆಸ್ಟುಗಳು ಬಂದರು. ಬಿಳಿ ಬೂಟು, ತಲೆಗೆ ಟೋಪಿ, ಕೈಗೊಂದು ಬೆತ್ತ. ದೊಡ್ಡ ಸಾಹೇಬರು ಆರಡಿ ಆಳು, ಹೊಟ್ಟೆಯವರು, ನಗುಮುಖದವರು. ಈಶ್ವರ ಹೆಂಗಸರನ್ನು ಪಕ್ಕಕ್ಕೆ ಕರೆದ. “ನೀವು ಐವತ್ತು ಹೆಜ್ಜೆ ಹಿಂದ ಬರ್ರಿ. ಫೋಟೋದಾಗ ಬೀಳಬಾರ್ದು.”

ಮುದುಕಮ್ಮನ ತಲೆಗೆ ನೀರಿನ ಕ್ಯಾನು. ದುರ್ಗಾಳಿಗೆ ಇನ್ನೊಂದು ಕ್ಯಾನು. ಉಳಿದ ಮೂವರಿಗೆ ತಟ್ಟೆ, ಲೋಟ, ಮೊಸರನ್ನದ ದಬರಿ, ಬಾಳೆಹಣ್ಣು. ದ್ಯಾಮಕ್ಕನಿಗೆ ಪಲಾವಿನ ದೊಡ್ಡ ದಬರಿ. ಒಲೆಯಿಂದ ಆಗಷ್ಟೇ ಇಳಿಸಿದ್ದು. ಸೀರೆಯ ಚಿಂದಿಯನ್ನು ಎರಡು ಸುತ್ತು ಹೆಚ್ಚಿಗೆ ಸುತ್ತಿ ಸಿಂಬೆ ಮಾಡಿಕೊಂಡಳು. ಇಬ್ಬರು ಸೇರಿ ಎತ್ತಿ ತಲೆಗಿಟ್ಟರು. ನೂರು ಹೆಜ್ಜೆ ನಡೆಯುವಷ್ಟರಲ್ಲಿ ಬಿಸಿ ಸಿಂಬೆ ದಾಟಿ ನೆತ್ತಿಗೆ ಇಳಿಯಿತು. ಇನ್ನೂರು ಹೆಜ್ಜೆಗೆ ಕಣ್ಣಲ್ಲಿ ನೀರು. ಕೈ ಎರಡೂ ಮೇಲಿದ್ದವು, ಒರೆಸಿಕೊಳ್ಳುವಂತಿಲ್ಲ. ಮುಂದೆ ಗೆಸ್ಟುಗಳು ಹೆಜ್ಜೆಹೆಜ್ಜೆಗೂ ನಿಂತು ಹೂವಿನ ಫೋಟೋ ತೆಗೆಯುತ್ತಿದ್ದರು. ಅವರು ನಿಂತಾಗಲೆಲ್ಲ ಹೆಂಗಸರೂ ನಿಲ್ಲಬೇಕು. ಹೊರೆ ಹೊತ್ತವರಿಗೆ ನಡೆಯುವುದಕ್ಕಿಂತ ನಿಲ್ಲುವುದು ಕಷ್ಟ ಎಂದು ಟ್ರೆಕ್ಕಿಂಗಿನವರಿಗೆ ಯಾರು ಹೇಳಬೇಕು.

ಅರ್ಧ ದಾರಿಯಲ್ಲಿ ಹೊರೆಗಲ್ಲು ಇತ್ತು. ಎರಡು ನಿಲುವುಗಲ್ಲು, ಅವುಗಳ ಮೇಲೆ ಅಡ್ಡಕ್ಕೊಂದು ಚಪ್ಪಡಿ. ಚಪ್ಪಡಿ ದ್ಯಾಮಕ್ಕನ ಕಿವಿಯ ಮಟ್ಟಕ್ಕೆ. ತಲೆಯ ಹೊರೆಯನ್ನು ಯಾರ ಸಹಾಯವೂ ಇಲ್ಲದೆ ಅದರ ಮೇಲೆ ಜಾರಿಸಬಹುದು, ದಣಿವಾರಿದ ಮೇಲೆ ಯಾರ ಸಹಾಯವೂ ಇಲ್ಲದೆ ಮತ್ತೆ ತಲೆಗೆ ತೆಗೆದುಕೊಳ್ಳಬಹುದು. ಅಲ್ಲಿವರೆಗೆ ತಡೆದುಕೊ ಎಂದು ದ್ಯಾಮಕ್ಕ ತನ್ನ ಕುತ್ತಿಗೆಗೆ ಹೇಳಿಕೊಂಡು ಬಂದಳು.

ಬಂದು ನೋಡಿದರೆ ಹೊರೆಗಲ್ಲಿಗೆ ಮದುವೆ. ಚಪ್ಪಡಿಗೆ ಚೆಂಡುಹೂವಿನ ಮಾಲೆ. ಎರಡು ಕಲ್ಲಿನ ನಡುವೆ ಕೆಂಪು ರಿಬ್ಬನ್ನು. ಈಶ್ವರ ಮುಂದೆ ನಿಂತು ಭಾಷಣ ಮಾಡುತ್ತಿದ್ದ. “ಇದು ಅರಸರ ಕಾಲದ ಬಾಗಿಲು ಸರ್. ಸೈನಿಕರು ಈ ಬಾಗಿಲಿಂದ ಹಾದು ಗುಡ್ಡ ಹತ್ತುತ್ತಿದ್ದರು.”

“ಅರಸರ ಕಾಲದಾಗ ಎಲ್ಲಾರೂ ಕುಳ್ಳರಿದ್ರನು?” ಎಂದು ಮುದುಕಮ್ಮ ಕ್ಯಾನಿನ ಕೆಳಗಿಂದ ಗೊಣಗಿದಳು. ದುರ್ಗಾ ತುಟಿ ಕಚ್ಚಿದಳು. ನಗುವಂತಿಲ್ಲ, ನಕ್ಕರೆ ಕ್ಯಾನು ಕುಣಿಯುತ್ತದೆ.

ಭಾಷಣ ಮುಗಿಯಲಿಲ್ಲ. ಸೈನಿಕರು ಹೋದರು, ಕುದುರೆಗಳು ಬಂದವು. ದ್ಯಾಮಕ್ಕನ ನೆತ್ತಿಯಲ್ಲಿ ಬೆಂಕಿ. ಅವಳು ಐವತ್ತು ಹೆಜ್ಜೆಯ ಕಟ್ಟಳೆ ಬಿಟ್ಟು ಮುಂದೆ ಬಂದಳು. “ಸಾರ್, ಹೊರೆ ಇಳಸಬೇಕು.”

“ಇಲ್ಲಿ ಬ್ಯಾಡ. ಫಂಕ್ಷನ್ ಮುಗೀಲಿ.”

“ಸುಡಾಕತ್ತೈತ್ರಿ.”

“ಹತ್ತು ನಿಮಿಷ ನಿಂತ್ರ ಸಾಯಂಗಿಲ್ಲ. ಹಿಂದ ಹೋಗು.”

ಮೆತ್ತಗೆ, ಹಲ್ಲು ಕಚ್ಚಿ ಹೇಳಿದ, ಸಾಹೇಬರಿಗೆ ಕೇಳದಂತೆ. ದ್ಯಾಮಕ್ಕ ಅವನ ಮುಖ ನೋಡಿದಳು. ಅವನು ಅವಳ ಮುಖ ನೋಡುತ್ತಿರಲಿಲ್ಲ, ದಬರಿ ನೋಡುತ್ತಿದ್ದ. ಪಲಾವು ಚೆಲ್ಲೀತು ಎಂಬ ಭಯ ಅವನ ಕಣ್ಣಲ್ಲಿತ್ತು. ಅವಳ ನೆತ್ತಿ ಸುಟ್ಟೀತು ಎಂಬುದು ಅವನ ತಲೆಗೇ ಹೋಗಿರಲಿಲ್ಲ.

ಅವಳು ನೇರ ನಡೆದಳು. ಸಾಹೇಬರು ಪಕ್ಕಕ್ಕೆ ಸರಿದರು. ಅವಳ ಎದೆಗೆ ರಿಬ್ಬನ್ನು ತಾಗಿ ಪಟ್ ಎಂದಿತು. ದಬರಿಯನ್ನು ಹೂಮಾಲೆಯ ಮೇಲೇ ಚಪ್ಪಡಿಗೆ ಜಾರಿಸಿ ಎರಡು ಹೆಜ್ಜೆ ಹಿಂದೆ ಬಂದು ಉಸಿರು ಬಿಟ್ಟಳು. ರಿಬ್ಬನ್ನು ಕಡಿದದ್ದನ್ನು ಮಾತ್ರ ಕಂಡ ಹಿಂದಿನ ಸಾಲಿನವರು ಜೋರಾಗಿ ಚಪ್ಪಾಳೆ ಹೊಡೆದರು. ಫೋಟೋದವನೂ ರೂಢಿಯಂತೆ ಫೋಟೋ ತೆಗೆದ.

“ಏನಮ್ಮ ಇದು?” ಎಂದರು ಸಾಹೇಬರು. ಸಿಟ್ಟಿರಲಿಲ್ಲ, ಕೈಯಲ್ಲಿ ಕತ್ತರಿ ಹಾಗೇ ಇತ್ತು.

“ಇದು ಬಾಗಿಲಲ್ಲರಿ ಸಾಹೇಬ್ರ. ಹೊರೆಗಲ್ಲು. ನಮ್ಮ ಮುತ್ತಜ್ಜಿ ಕಾಲಕ್ಕ ಕೇರಿ ಗಂಡಸ್ರು ನಿಲ್ಲಿಸಿದ್ದು. ಒಬ್ಬಾಕಿ ಹೊರೆ ಇಳಿಸಿ ಕುಂತ್ರ ಮತ್ತ ತಲಿಗೆ ಎತ್ತಾಕ ಇನ್ನೊಬ್ರ ಕೈ ಬೇಕು. ದಾರ್ಯಾಗ ಊರವ್ರು ಸಿಗೋರು. ಆದ್ರ ನಮ್ಮನ್ನ ಮುಟ್ಟಿದ್ರ ಮೈಲಿಗಿ, ನಮ್ಮ ಹೊರೆ ಮುಟ್ಟಿದ್ರೂ ಮೈಲಿಗಿ. ಯಾರೂ ಕೈ ಕೊಡ್ತಿರ್ಲಿಲ್ಲ. ನಮ್ಮ ಅವ್ವಗೋಳು ಬಿಸಿಲಾಗ ಹೊರೆ ಮುಂದ ಕುಂತು ಕೇರಿಯವ್ರು ಯಾರರ ಬರೋತನಕ ಕಾಯೋರು. ಅದಕ್ಕ ಈ ಕಲ್ಲು. ಮನಷ್ಯಾರು ಕೈ ಕೊಡ್ಲಿಲ್ಲ, ಕಲ್ಲು ಕೊಡ್ತು.”

ಉಳಿದ ಐದೂ ಹೆಂಗಸರು ಒಬ್ಬರಿಗೊಬ್ಬರು ಕೈಕೊಟ್ಟು ತಮ್ಮ ಹೊರೆ ನೆಲಕ್ಕಿಳಿಸಿ ದ್ಯಾಮಕ್ಕನ ಹಿಂದೆ ನಿಂತರು.

“ಇನ್ನ ಇದು ಇಲ್ಲಿಂದ ಏಳಂಗಿಲ್ಲ,” ಎಂದಳು ದ್ಯಾಮಕ್ಕ. “ಮುಂದ ಗೇಟ್ ಐತಿ. ಇವತ್ತು ನಿಮಗ ತಗೀತಾರ, ನಾಳಿ ನಮಗ ಹಾಕ್ತಾರ. ಅದು ನಮಗೂ ತಗದ್ರ ಹೊರ್ತೀವಿ. ಇಲ್ಲಾಂದ್ರ ನಿಮ್ಮ ಊಟ ನೀವ ಹೊತ್ಕೋರಿ.”

ಈಶ್ವರ ಕೆಂಪಾದ. “ಹೊತ್ಕೊಂಡೇ ಹೋಗ್ತೀವಿ, ಅದೇನು ಮಹಾ,” ಎಂದು ಮೂವರು ಗೆಸ್ಟುಗಳನ್ನು ಕರೆದ. ಒಬ್ಬ ದಬರಿಯ ತಳಕ್ಕೆ ಕೈ ಹಾಕಿದವನು ಅಯ್ಯೋ ಎಂದು ಬೆರಳು ಬಾಯಿಗಿಟ್ಟುಕೊಂಡ. ಇನ್ನಿಬ್ಬರು ನೀರಿನ ಕ್ಯಾನು ಹೆಗಲಿಗೇರಿಸಿ ಹದಿನೈದು ಹೆಜ್ಜೆ ಹೋಗಿ, ಕೂತರು. ಮುದುಕಮ್ಮ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. “ಟ್ರೆಕ್ಕಿಂಗ್ ಮಾಡ್ರಿ, ಮಾಡ್ರಿ,” ಎಂದಳು.

ಸಾಹೇಬರು ಒಂದು ಬಂಡೆಯ ಮೇಲೆ ಕುಂತು ವಿಷಯ ಕೇಳಿದರು. ದ್ಯಾಮಕ್ಕ ಭರಮಮ್ಮನ ಕಾಲಿನ ಕತೆ ಹೇಳಿದಳು. ಸಾಹೇಬರು ಈಶ್ವರನ ಕಡೆ ತಿರುಗಿದರು.

“ದಾಖಲೆಯಲ್ಲಿ ಇಲ್ಲಿ ದಾರಿಯೇ ಇಲ್ಲ ಸರ್,” ಎಂದ ಅವನು.

“ಹಂಗಾರ ಇಷ್ಟೊತ್ತು ಯಾತರ ಮ್ಯಾಲೆ ನಡದು ಬಂದ್ರಿ?” ಎಂದಳು ದ್ಯಾಮಕ್ಕ.

ಸಾಹೇಬರು ನಕ್ಕುಬಿಟ್ಟರು. “ನೋಡಮ್ಮ, ನೀನು ಹೇಳೋದು ಖರೆ. ಆದ್ರೆ ನನಗೆ ಆರ್ಡರ್ ಹಾಕೋಕೆ ಒಂದು ಕಾಗದ ಬೇಕು. ಯಾವುದೇ ಕಾಗದ, ಈ ದಾರಿ ಹೆಸರು ಇರೋದು, ಸೀಲು ಇರೋದು. ತಗೊಂಡು ಬಾ. ಅಲ್ಲಿವರೆಗೆ ಬಿಡ್ರಿ ಈಶ್ವರ್, ಹೆಣ್ಮಕ್ಕಳು ಓಡಾಡ್ಲಿ.”

“ಆಯ್ತು ಸರ್.”

ದ್ಯಾಮಕ್ಕ ದಬರಿಯ ಕೆಳಗೆ ತಲೆ ಕೊಟ್ಟು ನಿಂತಳು. ಗೇಟು ತೆರೆಯಿತು, ಪಲಾವು ಗುಡ್ಡದ ತುದಿ ಸೇರಿತು.

ಸೋಮವಾರ ಹೋದರು, ಬಂದರು. ಮಂಗಳವಾರವೂ ಹೋದರು. ಬುಧವಾರ ಬೆಳಿಗ್ಗೆ ಆರು ಬುಟ್ಟಿ ಹಣ್ಣು ಹೊತ್ತು ಹೋದಾಗ ಗೇಟಿಗೆ ಸರಪಳಿ ಸುತ್ತಿ ಹೊಸ ಬೀಗ ಹಾಕಿತ್ತು. ಮೊದಲಿನದಕ್ಕಿಂತ ದೊಡ್ಡದು. ವಾಚ್‌ಮನ್ ಕೊಟ್ರಯ್ಯ, ಅದೇ ಊರಿನವನು, ತಲೆ ತಗ್ಗಿಸಿ ಕುಂತಿದ್ದ.

“ಕೀಲಿ ನನ್ನ ಹತ್ರ ಇಲ್ಲ ದ್ಯಾಮವ್ವ. ಈಶ್ವರ್ ಸಾರ್ ತಾವ ಬಂದು ಹಾಕ್ಕೊಂಡು ಹೋದ್ರು. ಸಾಹೇಬ್ರು ಬಾಯಿಲೆ ಹೇಳಿದ್ದಕ್ಕ ಕಿಮ್ಮತ್ತಿಲ್ಲಂತ.”

ದುರ್ಗಾ ಬುಟ್ಟಿ ಇಳಿಸಿ ಅಳತೊಡಗಿದಳು. ತಾನೂ ಲಾರಿ ರಸ್ತೆಗೆ ಹೋಗಬೇಕಲ್ಲ ಎಂದು. ದ್ಯಾಮಕ್ಕ ಅಳಲಿಲ್ಲ, ಬೈಯಲೂ ಇಲ್ಲ. ಗೇಟಿನ ಮುಂದೆ ಕುಕ್ಕರಗಾಲಲ್ಲಿ ಕುಂತು ಅದನ್ನು ಮೇಲಿನಿಂದ ಕೆಳಗೆ ನೋಡಿದಳು. ಮೂವತ್ತು ವರ್ಷ ಹೊರೆ ಹೊತ್ತವಳು ಯಾವ ಸಾಮಾನನ್ನೂ ಹೀಗೆಯೇ ನೋಡುವುದು: ಎಷ್ಟು ಭಾರ, ಎಲ್ಲಿ ಹಿಡಿತ, ಎಷ್ಟು ತಲೆ ಬೇಕು. ಪೈಪಿನ ಗೇಟು, ಒಂದೇ ರೆಕ್ಕೆ. ಒಂದು ಕಡೆ ಎರಡು ಕೊಂಡಿಯ ಮೇಲೆ ಕುಂತಿದೆ. ಇನ್ನೊಂದು ಕಡೆ ಸರಪಳಿ ಕಂಬವನ್ನು ಬಳಸಿದೆ. ಕಂಬದ ತಲೆ ಬೋಳು. ಬೀಗ ಎಷ್ಟು ದೊಡ್ಡದಾದರೇನು, ಇಡೀ ಗೇಟನ್ನೇ ಮೇಲಕ್ಕೆತ್ತಿದರೆ ಸರಪಳಿಯೂ ಜೊತೆಗೆ ಬರುತ್ತದೆ.

“ಆರು ಮಂದಿ ಸಾಕು,” ಎಂದಳು.

ಮುದುಕಮ್ಮನಿಗೆ ತಕ್ಷಣ ತಿಳಿಯಿತು. ಸಿಂಬೆ ಬಿಚ್ಚಿ ಹೊಸದಾಗಿ ಸುತ್ತತೊಡಗಿದಳು.

ಕೊಟ್ರಯ್ಯ ಎದ್ದು ನಿಂತ. ಆರು ಜನರನ್ನೂ ನೋಡಿದ. “ನಾನು ಒಂದೀಟು ಕೆರಿ ಕಡಿ ಹೋಗಿ ಬರ್ತೀನಿ,” ಎಂದು ಚೊಂಬು ಹಿಡಿದು ಹೊರಟ. ನಾಲ್ಕು ಹೆಜ್ಜೆ ಹೋಗಿ ತಿರುಗಿದ. “ಕೆಳಗಿನ ಕೊಂಡಿ ಬಿಗಿ ಐತಿ. ಎಡಕ್ಕ ಸ್ವಲ್ಪ ವಾಲಿಸಿ ಎತ್ರಿ.”

ಎಡಕ್ಕೆ ವಾಲಿಸಿ ಎತ್ತಿದರು. ಒಂದು ಸಲಕ್ಕೆ ಬರಲಿಲ್ಲ. ಎರಡನೆಯ ಸಲಕ್ಕೆ ಕಿರ್ ಎಂದಿತು. ಮೂರನೆಯ ಸಲಕ್ಕೆ ಕೊಂಡಿ ಬಿಟ್ಟು, ಸರಪಳಿ ಕಂಬದ ತಲೆ ದಾಟಿ, ಗೇಟು ಆರು ತಲೆಗಳ ಮೇಲೆ ಕುಂತಿತು. ಬೀಗ ಮುಂದೆ ಗಂಟೆಯ ಹಾಗೆ ತೂಗುತ್ತಿತ್ತು. ಬುಟ್ಟಿಗಳನ್ನು ಮರದ ನೆರಳಿಗೆ ಸರಿಸಿಟ್ಟೇ ಬಂದಿದ್ದರು.

ಯಶವಂತನಗರದ ಕಂಪನಿ ಆಫೀಸಿಗೆ ಮುಕ್ಕಾಲು ಮೈಲಿ ಇಳಿಜಾರು. ಕಬ್ಬಿಣ ಕುತ್ತಿಗೆಯನ್ನು ಅದುಮುತ್ತಿತ್ತು. ಒಬ್ಬಳ ಕಾಲು ಜಾರಿದರೆ ಆರೂ ಮಂದಿಯ ಗತಿ ಮುಗಿಯಿತು. ಮುದುಕಮ್ಮ ಹೆಜ್ಜೆಯ ಲೆಕ್ಕ ಹಿಡಿಯಲು ಬೀಸುವ ಪದ ಶುರು ಮಾಡಿದಳು. ಬೀಸುವ ಪದವೇ ಸೋಬಾನೆಯಾಯಿತು. ನಡುನಡುವೆ ಈಶ್ವರನ ಹೆಸರು ಸೇರಿಸಿ ಅವನಿಗೊಂದು ಹೆಣ್ಣು ಹುಡುಕಿದಳು. ದುರ್ಗಾ ಅತ್ತದ್ದೇ ಮರೆತಳು.

ಯಶವಂತನಗರದ ಹೋಟೆಲಿನವರು ಚಾ ಲೋಟ ಹಿಡಿದು ಹೊರಗೆ ಬಂದು ನಿಂತರು. ಲಾರಿ ಡ್ರೈವರುಗಳು ಇಳಿದು ದಾರಿ ಬಿಟ್ಟರು. ಅಷ್ಟು ವರ್ಷದಲ್ಲಿ ಆ ರಸ್ತೆಯಲ್ಲಿ ಲಾರಿಗಳು ಹೆಂಗಸರಿಗಾಗಿ ನಿಂತದ್ದು ಅದೇ ಮೊದಲು.

ಕಂಪನಿ ಆಫೀಸಿನ ಬಾಗಿಲಲ್ಲಿ ಸೆಕ್ಯೂರಿಟಿಯವನು ತಡೆದ. ಹೊರಗಿನ ಊರಿನವನು, ಕೆಲಸಕ್ಕೆ ಸೇರಿ ಹದಿನೈದು ದಿನ, ರೂಲ್ಸ್ ಬಿಟ್ಟು ಮತ್ತೇನೂ ಗೊತ್ತಿಲ್ಲದವನು.

“ಏನಿದು?”

“ನಿಮ್ಮ ಕಂಪನಿ ಸಾಮಾನು. ವಾಪಸ್ ಕೊಡಾಕ ಬಂದೀವಿ.”

ಅವನು ಗೇಟಿನ ಮೇಲೆ ಬರೆದಿದ್ದ ಕಂಪನಿ ಹೆಸರು ಓದಿದ. ಸರಿ ಎನಿಸಿತು. “ಒಳಗ ಏನು ಬಂದ್ರೂ ಚೀಟಿ ಬರೀಬೇಕು,” ಎಂದು ಪುಸ್ತಕ ತೆಗೆದ. ಕಾರ್ಬನ್ ಇಟ್ಟು ಬರೆದ. ಕಬ್ಬಿಣದ ಗೇಟು ಒಂದು, ಸರಪಳಿ, ಬೀಗ ಸಮೇತ. “ಎಲ್ಲಿಂದ ಬಂತು?”

ಆಗ ದ್ಯಾಮಕ್ಕನ ತಲೆಯಲ್ಲಿ ದೀಪ ಹತ್ತಿತು. ಗೇಟಿನ ಭಾರ ಇನ್ನೂ ತಲೆಯ ಮೇಲೇ ಇತ್ತು.

“ಗುಡ್ಡದಹಟ್ಟಿ ಕಾಲುದಾರಿಯಿಂದ.”

ಅವನು ಗುಡ್ಡದಹಟ್ಟಿ ಎಂದಷ್ಟೇ ಬರೆದ. ದುರ್ಗಾ ಗೇಟಿನ ಕೆಳಗಿಂದಲೇ ಓರೆಗಣ್ಣಲ್ಲಿ ಓದಿ ಹೇಳಿದಳು.

“ಊರಾಗ ಇರ್ಲಿಲ್ಲಪ್ಪ ಇದು,” ಎಂದಳು ದ್ಯಾಮಕ್ಕ. “ಊರು ಅಂತ ಬರದ್ರ ನಾಳಿ ನಮ್ಮನ್ನ ಕಳ್ಳರು ಅಂತೀರಿ. ಇದ್ದ ಜಾಗ ಬರಿ. ಗುಡ್ಡದಹಟ್ಟಿ, ಯಶವಂತನಗರ ಕಾಲುದಾರಿ.”

ಕಳ್ಳರು ಎಂಬ ಮಾತಿಗೆ ಅವನು ಬೆದರಿದ. ಹೊಡೆದು ಹಾಕಿ ಸರಿಯಾಗಿ ಬರೆದ. ಸೀಲನ್ನು ಬಾಯಲ್ಲಿ ಉಸಿರು ಬಿಟ್ಟು ತೇವ ಮಾಡಿ ಎರಡು ಸಲ ಒತ್ತಿದ. ಗುಲಾಬಿ ಬಣ್ಣದ ಚೀಟಿ ಹರಿದು ಕೊಟ್ಟ. ದುರ್ಗಾ ಅಕ್ಷರ ಕೂಡಿಸಿ ಓದಿದಳು. ಕಾಲುದಾರಿ ಎಂಬಲ್ಲಿಗೆ ಬಂದಾಗ ಅದನ್ನು ಎರಡು ಸಲ ಓದಿದಳು.

ಅಷ್ಟರಲ್ಲಿ ಈಶ್ವರ ಒಳಗಿನಿಂದ ಓಡಿ ಬಂದ. ಗೇಟು ನೋಡಿದ. ಚೀಟಿ ಪುಸ್ತಕ ನೋಡಿದ. ಮುಖ ಬಿಳಿಚಿತು. “ಆ ಚೀಟಿ ಕೊಡ್ರಿ ಇಲ್ಲಿ. ತಪ್ಪು ಬರದಾನ.”

ಚೀಟಿ ಆಗಲೇ ಮುದುಕಮ್ಮನ ಕುಪ್ಪಸದೊಳಗೆ ಹೋಗಿತ್ತು. “ಬಾರಪ್ಪ, ತಗೋ,” ಎಂದಳು ಮುದುಕಮ್ಮ, ಎದೆ ಮುಂದೆ ಮಾಡಿ. ಹೋಟೆಲಿನವರು, ಡ್ರೈವರುಗಳು ಹೋ ಎಂದು ನಕ್ಕರು. ಈಶ್ವರ ಎರಡು ಹೆಜ್ಜೆ ಹಿಂದೆ ಹೋದ.

ಆರು ಮಂದಿಯೂ ಗೇಟನ್ನು ಅವನ ಕಾಲ ಬುಡಕ್ಕೆ ಇಳಿಸಿದರು. ದ್ಯಾಮಕ್ಕ ಸಿಂಬೆ ಕೊಡವಿ ಹೆಗಲಿಗೆ ಹಾಕಿಕೊಂಡಳು. ಕುತ್ತಿಗೆ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ತಿರುಗಿಸಿದಳು.

“ಈ ಸಲ ಹೊತ್ತು ತಂದೀವಿ ಸಾರ್. ಇನ್ನೊಂದು ಸಲ ನಮ್ಮ ದಾರ್ಯಾಗ ಏನರ ಬಿಟ್ಟು ಹೋದ್ರ ಹೊರಂಗಿಲ್ಲ. ಹಳ್ಳಕ್ಕ ನೂಕ್ತೀವಿ.”

ಸಂಡೂರಿನಲ್ಲಿ ಚೀಟಿಗೆ ನಾಲ್ಕು ಜೆರಾಕ್ಸ್ ಮಾಡಿಸಿದರು. ಒಂದನ್ನು ಸಾಹೇಬರ ಆಫೀಸಿಗೆ ಕೊಟ್ಟು ಬಂದರು. ಕಾಗದ ಬೇಕು ಎಂದಿದ್ದಿರಿ, ಕಂಪನಿಯವರೇ ಬರೆದು ಕೊಟ್ಟಿದ್ದಾರೆ ಎಂದು ದುರ್ಗಾ ಅರ್ಜಿ ಬರೆದಿದ್ದಳು. ಗುಮಾಸ್ತ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಇಲ್ಲ ಎನ್ನಲು ಏನೂ ಸಿಗದೆ ತೆಗೆದುಕೊಂಡ.

ಉತ್ತರ ಇನ್ನೂ ಬಂದಿಲ್ಲ. ಗೇಟೂ ಬಂದಿಲ್ಲ. ದಿನಾ ಬೆಳಿಗ್ಗೆ ಕೇರಿಯ ಬುಟ್ಟಿಗಳು ಆ ಎರಡು ಬೋಳು ಕಂಬಗಳ ನಡುವೆ ಹಾದು ಎಂಟು ಗಂಟೆಯ ಬಸ್ಸಿಗೆ ಹೋಗುತ್ತವೆ.